ಟೇಪು ತಿರುಗುವಷ್ಟು ಹೊತ್ತು

ಕೊಪ್ಪಳ ಹೊಸ ಜಿಲ್ಲೆಯಾದ ವರ್ಷವೇ ನಾನು ಕೆಲಸಕ್ಕೆ ಸೇರಿದ್ದು. ಊರಿನಲ್ಲಿ ಎಲ್ಲವೂ ಹೊಸದಾಗಿ ಬರುತ್ತಿತ್ತು. ಹೊಸ ಕಚೇರಿ, ಹೊಸ ಬೋರ್ಡು, ಹೊಸ ಸಾಹೇಬರು. ನಾನು ಸೇರಿದ ಕಣ್ಣಾಸ್ಪತ್ರೆ ಮಾತ್ರ ಒಂದು ಹಳೆಯ ಅಕ್ಕಿ ಗೋದಾಮಿನಲ್ಲಿತ್ತು. ಟ್ರಸ್ಟಿನವರು ನಡೆಸುತ್ತಿದ್ದ ಆಸ್ಪತ್ರೆ ಅದು. ಕೊಪ್ಪಳದಲ್ಲಿ ದೊಡ್ಡದು, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಒಂದೊಂದು ಚಿಕ್ಕ ಶಾಖೆ. ಟೈಪಿಂಗ್ ಬರುತ್ತದೆಂದು ನನ್ನನ್ನು ತೆಗೆದುಕೊಂಡರು. ಮರಳಿ ಎಂಬ ಹಳ್ಳಿಯ ಭತ್ತದ ಗದ್ದೆಯ ಮನೆಯಿಂದ ಕೊಪ್ಪಳಕ್ಕೆ ಸೊಸೆಯಾಗಿ ಬಂದ ನನಗೆ ಕಂಪ್ಯೂಟರ್ ಎಂದರೆ ಟೀವಿಯ ಮುಂದೆ ಟೈಪ್‌ರೈಟರ್ ಇಟ್ಟಂತೆ ಕಂಡಿತ್ತು. ನಿವೃತ್ತಳಾಗುವ ಹೊತ್ತಿಗೆ ನಾಲ್ಕೂ ಊರಿನ ಸರ್ವರ್‌ಗಳು ನನ್ನ ಸುಪರ್ದಿಯಲ್ಲಿದ್ದವು. ನಡುವೆ ಸಿಕ್ಕ ಬಡ್ತಿಗಳ ಕಥೆ ಇಲ್ಲಿ ಬೇಡ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಒಂದು ತಿಳಿದುಕೊಳ್ಳಿ. ಸರ್ವರ್ ಕಾಯುವವರನ್ನು ಯಾರೂ ಹೊಗಳುವುದಿಲ್ಲ. ಎಲ್ಲ ಸರಿಯಿದ್ದ ದಿನ ನೀವು ಇದ್ದೀರೆಂದೇ ಯಾರಿಗೂ ನೆನಪಿರುವುದಿಲ್ಲ. ಕೆಟ್ಟ ದಿನ ಎಲ್ಲರೂ ನಿಮ್ಮ ಹೆಸರು ಹಿಡಿದೇ ಕೂಗುತ್ತಾರೆ. ನನಗೆ ಇದೇನೂ ಕಷ್ಟವಾಗಲಿಲ್ಲ. ಅಡುಗೆಮನೆಯಲ್ಲಿ ಮೊದಲೇ ಅಭ್ಯಾಸವಾಗಿತ್ತು.

ಮೊದಲು ಅಪ್‌ಡೇಟಿನ ವಿಷಯ. ಆಗ ಅದು ಈಗಿನಂತೆ ತಾನಾಗಿ ಬಂದು ಕೂರುತ್ತಿರಲಿಲ್ಲ. ಹುಬ್ಬಳ್ಳಿಯಿಂದ ಸೀಡಿಯಲ್ಲಿ, ಅಂಚೆಯಲ್ಲಿ ಬರುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ಅಂಚೆಯವನು ಸೀಡಿ ಕೊಟ್ಟುಹೋದ. ನಾನು ಹೊಸ ಉತ್ಸಾಹದಲ್ಲಿ ಆಗಲೇ ಸರ್ವರ್‌ಗೆ ಹಾಕಿಬಿಟ್ಟೆ. ಯಂತ್ರ ಒಮ್ಮೆ ಆರಿತು, ಹೊತ್ತಿತು, ಮತ್ತೆ ಆರಿತು. ಹೊರಗೆ ಸಂತೆಗೆ ಬಂದವರಂತೆ ಜನ ತುಂಬಿದ್ದರು. ಕಣ್ಣಿಗೆ ಔಷಧಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದ ಅಜ್ಜ ಅಜ್ಜಿಯರು ಮಧ್ಯಾಹ್ನದವರೆಗೂ ಹಾಗೆಯೇ ಕುಳಿತರು. ನಮ್ಮ ಮ್ಯಾನೇಜರ್ ದೇಸಾಯಿ ಸರ್ ಧೋತರದ ಚುಂಗು ಹಿಡಿದುಕೊಂಡು ಓಡಿ ಬಂದರು.

“ನೀಲಮ್ಮಾ, ಏನ್ ಮಾಡಾಕತ್ತೀಯವಾ? ಊಟಕ್ಕ ಎಲಿ ಹಾಕಿದ ಮ್ಯಾಲ ಒಲಿ ಸಾರಸಾಕ ಕುಂತ್ಯಲ್ಲ!”

ಅಂದಿನಿಂದ ಅಪ್‌ಡೇಟಿಗೆ ಭಾನುವಾರವೆಂದು ನಿಗದಿಯಾಯಿತು. ಅದನ್ನೂ ನೇರ ಕೊಪ್ಪಳದ ಯಂತ್ರಕ್ಕೆ ಹಾಕುವಂತಿಲ್ಲ. ಮೊದಲು ರೋಗಿಗಳು ಕಡಿಮೆಯಿರುವ ಯಲಬುರ್ಗಾ ಶಾಖೆಯಲ್ಲಿ ಹಾಕಿ, ಒಂದು ವಾರ ನೋಡಿ, ಆಮೇಲೆ ಉಳಿದ ಊರುಗಳಿಗೆ. ಅಲ್ಲಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಶರಣಮ್ಮ. ನನಗಿಂತ ಹಿರಿಯರು, ಗಂಡ ತೀರಿದ ಮೇಲೆ ಕೆಲಸಕ್ಕೆ ಬಂದವರು. ಫೋನಿನಲ್ಲಿ ಈ ನಿಯಮ ಹೇಳಿದಾಗ ಅವರು ನಕ್ಕು, “ಅಂದ್ರ ಕೊಪ್ಪಳದವರ ಸಾರಿಗೆ ಉಪ್ಪು ನೋಡಾಕಿ ನಾನೇನವಾ?” ಎಂದರು. ನಮ್ಮ ಗೆಳೆತನ ಅಲ್ಲಿಂದ ಶುರುವಾಯಿತು.

ದೇಸಾಯಿ ಸರ್‌ಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಕಾಗದ ಗೊತ್ತಿತ್ತು. ನಕಲು ಎಂದರೆ ಇನ್ನೊಂದು ಊರಿನಲ್ಲಿರಬೇಕು ಎನ್ನುವುದು ಅವರ ಹಟ. “ಅಸಲು ಸುಟ್ಟ ಮನ್ಯಾಗ ನಕಲೂ ಸುಡತೈತಿ” ಎನ್ನುತ್ತಿದ್ದರು. ಅದಕ್ಕೆ ಒಂದು ಏರ್ಪಾಡು ಮಾಡಿದರು. ಕೊಪ್ಪಳದ ನಕಲು ಯಲಬುರ್ಗಾದಲ್ಲಿ, ಯಲಬುರ್ಗಾದ ನಕಲು ಕೊಪ್ಪಳದಲ್ಲಿ. ಗಂಗಾವತಿ ಮತ್ತು ಕುಷ್ಟಗಿಯವರು ತಮ್ಮತಮ್ಮಲ್ಲೇ ಅದಲುಬದಲು. ನಕಲು ಹೋಗುತ್ತಿದ್ದದ್ದು ಟೇಪಿನಲ್ಲಿ. ಹಾಡಿನ ಕ್ಯಾಸೆಟ್ಟಿಗಿಂತ ಸ್ವಲ್ಪ ದಪ್ಪನೆಯ ಡಬ್ಬಿ. ಇಡೀ ಆಸ್ಪತ್ರೆ ಅದರೊಳಗೆ ಸುತ್ತಿಕೊಂಡು ಕೂರುತ್ತಿತ್ತು.

ಮೊದಮೊದಲು ಟೇಪನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೆವು. ಬೇಸಿಗೆಯಲ್ಲಿ ಒಬ್ಬ ಪುಣ್ಯಾತ್ಮ ಅದನ್ನು ಜೋಪಾನವಾಗಿರಲೆಂದು ತನ್ನ ಪಕ್ಕದ ಎಂಜಿನ್ ಬಾನೆಟ್ಟಿನ ಮೇಲೆ ಇಟ್ಟುಕೊಂಡು ಹೋದ. ಯಲಬುರ್ಗಾ ತಲುಪುವಷ್ಟರಲ್ಲಿ ಡಬ್ಬಿ ಹಪ್ಪಳದಂತೆ ಸೊಟ್ಟಗಾಗಿತ್ತು. ಇನ್ನು ಮೇಲೆ ಕೈಯಲ್ಲೇ ಒಯ್ಯಬೇಕು ಎಂದು ಸರ್ ಹೇಳಿದರು. ಹೀಗೆ ಪ್ರತಿ ಗುರುವಾರ ಯಲಬುರ್ಗಾಕ್ಕೆ ಹೋಗುವ ಭಾಗ್ಯ ನನಗೆ ಬಂತು.

ಭಾಗ್ಯ ಎಂದು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಹೆಂಗಸರು ಕಾರಣವಿಲ್ಲದೆ ಹೊಸ್ತಿಲು ದಾಟುವ ರೂಢಿ ಇರಲಿಲ್ಲ. ಯಾರೂ ಬೈಯುತ್ತಿರಲಿಲ್ಲ, ಆದರೆ ಅತ್ತೆ ತಲೆಯೆತ್ತಿ ನೋಡಿದರೆ ಸಾಕು, ಹೋಗುವ ಆಸೆ ಅಲ್ಲೇ ಮುದುಡುತ್ತಿತ್ತು. ಮದುವೆ, ಮುಂಜಿವೆ, ಆಸ್ಪತ್ರೆ, ತವರು ಬಿಟ್ಟರೆ ಇನ್ನೊಂದು ಊರಿಗೆ ನಾನು ಒಬ್ಬಳೇ ಹೋದವಳಲ್ಲ. ಈಗ ಕೆಲಸದ ಹೆಸರಿನಲ್ಲಿ ವಾರಕ್ಕೊಂದು ದಿನ ಬಸ್ಸಿನ ಕಿಟಕಿ ನನ್ನದಾಯಿತು. ಟೇಪನ್ನು ಟವೆಲಿನಲ್ಲಿ ಸುತ್ತಿ, ಚೀಲದಲ್ಲಿಟ್ಟು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಕುಕನೂರು ನಿಲ್ದಾಣದಲ್ಲಿ ಬಸ್ಸು ನಿಂತಾಗ ಕಾಗದದಲ್ಲಿ ಕಟ್ಟಿಸಿಕೊಂಡ ಮಿರ್ಚಿ ಭಜಿ ತಿನ್ನುತ್ತಿದ್ದೆ. ಯಾರಿಗೂ ಪಾಲು ಕೊಡದೆ ಒಬ್ಬಳೇ ತಿಂದ ಆ ಮಿರ್ಚಿಯ ರುಚಿ ಈಗ ಎಲ್ಲೂ ಸಿಗುವುದಿಲ್ಲ.

ಟೇಪು ಕೊಟ್ಟು ಬಂದರೆ ಕೆಲಸ ಮುಗಿಯುವುದಿಲ್ಲ. ನಕಲು ತೆಗೆದಿಟ್ಟೆವೆಂದು ನೆಮ್ಮದಿಯಾಗಿರುವವರೇ ನಮ್ಮ ವೃತ್ತಿಯಲ್ಲಿ ಹೆಚ್ಚು. ಅದು ಮತ್ತೆ ತೆರೆಯುತ್ತದೆಯೇ ಎಂದು ನೋಡುವವರು ಕಡಿಮೆ. ಮಕ್ಕಳೇ, ಇದೊಂದನ್ನು ಮರೆಯಬೇಡಿ. ತೆರೆದು ನೋಡದ ನಕಲು ನಕಲೇ ಅಲ್ಲ. ನಾವು ಟೇಪನ್ನು ಯಲಬುರ್ಗಾದ ಯಂತ್ರಕ್ಕೆ ಹಾಕಿ ಮೊದಲಿಂದ ಕೊನೆಯವರೆಗೆ ಓದಿಸುತ್ತಿದ್ದೆವು. ಅದಕ್ಕೆ ಎರಡು ಎರಡೂವರೆ ತಾಸು ಹಿಡಿಯುತ್ತಿತ್ತು. ನಡುವೆ ಮುಟ್ಟುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಕುಳಿತಿರಬೇಕು.

ಕುಳಿತಿರುವುದೇ ಕೆಲಸವಾದ ಇಬ್ಬರು ಹೆಂಗಸರು ಏನು ಮಾಡುತ್ತಾರೆ? ಶರಣಮ್ಮಕ್ಕ ಬುತ್ತಿ ಬಿಚ್ಚುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು. ಟೇಪು ಕುರ್ ಕುರ್ ಎಂದು ತಿರುಗುತ್ತಿತ್ತು. ಆ ಸದ್ದು ಕೇಳಿ ಒಮ್ಮೆ ಅವರು ಹೇಳಿದರು:

“ನಮ್ಮನಿಯವರ ಗೊರಕಿ ಹಿಂಗ ಇತ್ತು ನೋಡವಾ. ಇದ್ದಾಗ ಭಾಳ ಬೈತಿದ್ದೆ. ಈಗ ಮನ್ಯಾಗ ನಿದ್ದಿ ಹತ್ತವಲ್ದು. ಗುರುವಾರ ಇದರ ಮುಂದ ಕುಂತ್ರ ಕಣ್ಣು ಜಗ್ಗತಾವು.”

“ಮಕ್ಕೋರಿ ಅಕ್ಕಾರ, ನಾ ನೋಡ್ಕೊಂತೀನಿ.”

“ಮಕ್ಕೊಂಡ್ರ ನಿನ್ನ ಕೂಡ ಯಾರು ಮಾತಾಡ್ತಾರ? ವಾರ ಪೂರ್ತಿ ಕೂಡಿಟ್ಟೀನಿ.”

ಅವರು ಡಾಕ್ಟರರ ನಡಿಗೆ ಅನುಕರಿಸುತ್ತಿದ್ದರು, ಚಾಳೀಸು ಕನ್ನಡಕ ಬೇಡವೆಂದು ಜಗಳವಾಡಿದ ಗೌಡರ ಕಥೆ ಹೇಳುತ್ತಿದ್ದರು. ಹುಟ್ಟುವ ಮೊದಲೇ ಕಳೆದುಕೊಂಡ ನನ್ನ ಕೂಸಿನ ವಿಷಯ ನಾನು ಗಂಡನ ಹತ್ತಿರವೂ ಪೂರ್ತಿ ಮಾತಾಡಿದವಳಲ್ಲ. ಅದನ್ನು ಹೇಳಿ ಅತ್ತದ್ದು ಆ ಯಂತ್ರದ ಮುಂದೆ. ಅಕ್ಕ ಸಮಾಧಾನದ ಮಾತೇನೂ ಆಡಲಿಲ್ಲ. ನನ್ನ ಕೈ ಹಿಡಿದುಕೊಂಡು ಟೇಪು ಮುಗಿಯುವವರೆಗೂ ಕುಳಿತಿದ್ದರು. ಯಾವ ಆಫೀಸಿನಲ್ಲಿ ಇಂಥ ತಾಸುಗಳು ಸಿಗುತ್ತವೆ ಹೇಳಿ?

ಇನ್ನು ಆಯುಧ ಪೂಜೆಯ ಪ್ರಸಂಗ ಹೇಳದಿದ್ದರೆ ನಮ್ಮ ಆಸ್ಪತ್ರೆಯ ಕಥೆ ಪೂರ್ಣವಾಗುವುದಿಲ್ಲ.

ದೇಸಾಯಿ ಸರ್ ಬಲು ದೈವಭಕ್ತರು. ಒಂದು ವರ್ಷ ಅವರಿಗೆ ಹೊಳೆಯಿತು: ಆಯುಧ ಎಂದ ಮೇಲೆ ಎಲ್ಲವನ್ನೂ ಒಂದೇ ಕಡೆ ಇಟ್ಟು ಪೂಜಿಸಬೇಕು, ಅರ್ಧ ಆಯುಧ ಪೂಜಿಸಿ ಅರ್ಧ ಬಿಡುವುದು ಒಳ್ಳೆಯದಲ್ಲ. ನಾಲ್ಕೂ ಊರಿನ ಟೇಪುಗಳನ್ನು ಕೊಪ್ಪಳಕ್ಕೆ ತರಲು ಹೇಳಿಕಳಿಸಿದರು. ಬೇರೆ ಬೇರೆ ಊರಿನಲ್ಲಿಡಬೇಕೆಂದು ಹಟ ಹಿಡಿದವರೂ ಅವರೇ, ಒಂದೇ ತಾಟಿಗೆ ತರಿಸಿದವರೂ ಅವರೇ. ನಮ್ಮಲ್ಲಿ ಒಬ್ಬರಿಗೂ ಇದು ವಿಚಿತ್ರ ಎನಿಸಲಿಲ್ಲ. ಹಬ್ಬವಲ್ಲವೇ.

ಸರ್ವರ್ ಆರಿಸಿ, ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ಚೆಂಡುಹೂವಿನ ಮಾಲೆ ಹಾಕಿದೆವು. ಮುಂದೆ ದೊಡ್ಡ ಹಿತ್ತಾಳೆ ಪರಾತ. ಅದರಲ್ಲಿ ಟೇಪುಗಳು, ಪ್ಲಾಸ್ಟಿಕ್ ಕವರಿನಿಂದ ಹೊರತೆಗೆದು, ಏಕೆಂದರೆ ಪೂಜೆ ಆಯುಧಕ್ಕೆ, ಅದರ ಒರೆಗೆ ಅಲ್ಲ. ಗಂಗಾವತಿ, ಕುಷ್ಟಗಿಯವರು ತಮ್ಮಲ್ಲಿದ್ದ ಟೇಪು ತಂದರು. ಶರಣಮ್ಮಕ್ಕನೂ ಬಂದರು, ಆದರೆ ಬರಿಗೈಯಲ್ಲಿ.

“ಏನವಾ ಶರಣಮ್ಮ, ಟೇಪು ಎಲ್ಲೈತಿ?” ಸರ್ ಕೇಳಿದರು.

“ಊರಾಗ ಐತ್ರಿ.”

“ತಾ ಅಂತ ಹೇಳಿದ್ದಿಲ್ಲೇನು?”

“ಹೇಳಿದ್ರಿ.”

ಅಷ್ಟೇ ಉತ್ತರ. ಸರ್ ಮುಖ ಗಂಟು ಹಾಕಿಕೊಂಡೇ ಮಂಗಳಾರತಿ ಎತ್ತಿದರು. ಒಬ್ಬೊಬ್ಬರೂ ಒಂದೊಂದು ಕಾಯಿ ಒಡೆದು ನೀರನ್ನು ಭಕ್ತಿಯಿಂದ ಯಂತ್ರದ ಮುಂದೆ ಸುರಿದರು. ಒಬ್ಬ ಭಕ್ತನ ಕೈ ಸ್ವಲ್ಪ ಜೋರಾಗಿ, ಯಂತ್ರದ ಗಾಳಿಕಿಂಡಿಯೊಳಕ್ಕೂ ತೀರ್ಥ ಹೋಯಿತು. ಬನ್ನಿ ಮುಡಿಯುವವರೆಗೆ ಆಯುಧ ಮುಟ್ಟಬಾರದೆಂದು ಹಾಗೆಯೇ ಬಾಗಿಲು ಹಾಕಿದೆವು. ಟೇಪುಗಳು ಪರಾತದಲ್ಲಿ ಕಾಯಿನೀರಿನಲ್ಲಿ ನೆನೆಯುತ್ತ ಮಲಗಿದವು.

ಮರುದಿನ ಬನ್ನಿ. ಒಬ್ಬರಿಗೊಬ್ಬರು ಎಲೆ ಕೊಟ್ಟು, ಬಂಗಾರದಂಗ ಇರೂಣು ಎಂದು ಹೇಳಿಕೊಂಡು, ಸರ್ವರ್ ಸ್ವಿಚ್ ಒತ್ತಿದೆ. ಚಟ್ ಎಂದಿತು. ಸುಟ್ಟ ವಾಸನೆ ಬಂತು. ಒಳಗಿನ ಡಿಸ್ಕೂ ಹೋಗಿತ್ತು. ಪರಾತದ ಟೇಪುಗಳು ಬೆಲ್ಲದ ಪಾಕದಲ್ಲಿ ಅದ್ದಿದಂತೆ ಅಂಟಿಕೊಂಡಿದ್ದವು. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರ ಯಂತ್ರಗಳು ಅವರವರ ಊರಿನಲ್ಲಿ ಸುರಕ್ಷಿತವಾಗಿದ್ದವು. ಹಾಳಾದದ್ದು ಕೊಪ್ಪಳದ್ದು.

ಅದರಲ್ಲಿ ಏನಿತ್ತೆಂದರೆ, ಹುಲಿಹೈದರ ಎಂಬ ಹಳ್ಳಿಯ ಒಂದು ಹುಡುಗಿಯ ಕಣ್ಣು ಇತ್ತು. ಹುಟ್ಟಿನಿಂದ ಕಣ್ಣಿನ ಒತ್ತಡದ ಕಾಯಿಲೆ. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ ಮಾಡಬೇಕೋ ಬೇಡವೋ ಎಂದು ನೋಡಲು ಹುಬ್ಬಳ್ಳಿಯಿಂದ ದೊಡ್ಡ ಡಾಕ್ಟರು ಮಾರನೆಯ ದಿನ ಬರುವವರಿದ್ದರು. ಹಳೆಯ ಅಳತೆಗಳೆಲ್ಲ ಒಂದರ ಪಕ್ಕ ಒಂದು ಬೇಕು, ಒತ್ತಡ ಏರುತ್ತಿರುವ ವೇಗ ನೋಡದೆ ಕತ್ತರಿ ಹಿಡಿಯುವುದಿಲ್ಲ ಎಂದು ಮೊದಲೇ ಹೇಳಿದ್ದರು. ತಾಯಿಯೂ ಮಗಳೂ ಹಬ್ಬ ಬಿಟ್ಟು ಒಂದು ದಿನ ಮೊದಲೇ ಬಂದು ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತಿದ್ದರು. ತಾಯಿ ನನ್ನ ಕೈಗೂ ಬನ್ನಿ ಎಲೆ ಕೊಟ್ಟು, “ಎಲ್ಲಾ ಕಂಪ್ಯೂಟರ್‌ದಾಗ ಐತಲ್ರಿ ಅಕ್ಕಾರ?” ಎಂದಳು. ನಾನು ಎಲೆ ಹಿಡಿದುಕೊಂಡೇ ಫೋನಿನ ಕಡೆ ನಡೆದೆ.

ಹಿಂದಿನ ಸಂಜೆಯೇ ಊರಿಗೆ ಮರಳಿದ್ದ ಶರಣಮ್ಮಕ್ಕನಿಗೆ ಫೋನ್ ಮಾಡಿದೆ. “ಐತವಾ. ನಾ ತರ್ತೀನಿ, ನೀ ಯಂತ್ರ ತಯಾರು ಮಾಡ್ಕೊ” ಎಂದರು. ಹಬ್ಬದ ದಿನ ಬಸ್ಸಿಲ್ಲ. ಸಿಕ್ಕಿದ ಟಂಟಂ, ಲಾರಿ ಹತ್ತಿ ಇಳಿದು, ಟೇಪನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಮಧ್ಯಾಹ್ನಕ್ಕೆ ಬಂದರು. ಗಂಗಾವತಿ ಶಾಖೆಯ ಯಂತ್ರ ತರಿಸಿ ಅದರಲ್ಲಿ ಓದಿಸಿದೆವು. ಟೇಪು ತಿರುಗುವಾಗ ಅಂದು ನಾವಿಬ್ಬರೂ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಹುಡುಗಿಯ ಹೆಸರು ಬಂತು, ಅದರ ಕೆಳಗೆ ಮೂರು ವರ್ಷದವಳಿದ್ದಾಗಿನಿಂದ ಎಲ್ಲ ಅಳತೆ ಬಂದವು. ಮರುದಿನ ದೊಡ್ಡ ಡಾಕ್ಟರು ನೋಡಿ, ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿದರು. ಆ ಕಣ್ಣು ಉಳಿಯಿತು.

ಆಮೇಲೆ ದೇಸಾಯಿ ಸರ್ ತಾವೇ ಶರಣಮ್ಮಕ್ಕನ ಎದುರು ಬಂದು ನಿಂತರು. “ಯಾಕ ತರಲಿಲ್ಲ? ನಿಂಗ ಮೊದಲ ಗೊತ್ತಿತ್ತೇನು ಹಿಂಗ ಆಗತೈತಿ ಅಂತ?”

“ಇಲ್ರಿ ಸರ. ನಂದಾಗಿದ್ರ ತರತಿದ್ದೆ. ಅದು ನೀಲಾ ಕಾಯಾಕ ಕೊಟ್ಟಿದ್ದು. ಆಕಿ ಬಂದು ಕೇಳಿದ್ರ ಕೊಡಬೇಕು, ಇಲ್ಲಾಂದ್ರ ಅಲ್ಲೇ ಇರಬೇಕು. ಇನ್ನೊಬ್ರ ಒಡವಿ ಹಾಕ್ಕೊಂಡು ಜಾತ್ರಿಗೆ ಹೋಗಾಕ ಬರತೈತೇನ್ರಿ?”

ಮರುವರ್ಷದಿಂದ ನಮ್ಮಲ್ಲಿ ಸರ್ವರ್ ಕೋಣೆಯ ಬಾಗಿಲಿಗೆ ಮಾತ್ರ ಕುಂಕುಮ. ಕಾಯಿ ಅಂಗಳದಲ್ಲಿ ಒಡೆಯುವುದು.

ಕಾಲ ಹೋದಂತೆ ಯಂತ್ರಗಳು ಚುರುಕಾದವು. ಎಲ್ಲರಿಗೂ ಖುಷಿ, ನಮ್ಮಿಬ್ಬರಿಗೆ ಕಳವಳ. ಹೊಸ ಟೇಪು ಬಂತು, ಎರಡೂವರೆ ತಾಸು ಒಂದು ತಾಸಾಯಿತು. ಆಮೇಲೆ ಡಿಸ್ಕು ಬಂತು, ರೊಟ್ಟಿ ತಿಂದು ಕೈ ತೊಳೆಯುವಷ್ಟರಲ್ಲಿ ಮುಗಿಯಿತು. ಶರಣಮ್ಮಕ್ಕ ಪರದೆ ನೋಡಿ ಗಂಭೀರವಾಗಿ ಹೇಳುತ್ತಿದ್ದರು: “ಇಷ್ಟು ಲಗೂನ ಮುಗದ್ರ ನಂಬಿಕಿ ಬರೂದಿಲ್ಲವಾ. ಇನ್ನೊಮ್ಮೆ ಓದಸು.” ನಾನು ಅಷ್ಟೇ ಗಂಭೀರವಾಗಿ ಇನ್ನೊಮ್ಮೆ ಓದಿಸುತ್ತಿದ್ದೆ. ನಾಲ್ಕು ಊರಿನಲ್ಲಿ ಅಷ್ಟು ಕಟ್ಟುನಿಟ್ಟಾಗಿ ಪರೀಕ್ಷೆಯಾದ ನಕಲು ಇನ್ನೊಂದಿರಲಿಲ್ಲ.

ದೇಸಾಯಿ ಸರ್ ನಿವೃತ್ತರಾದರು. ಹೊಸ ಮ್ಯಾನೇಜರ್ ಬಂದರು. ಒಳ್ಳೆಯ ಮನುಷ್ಯರು, ಮಾತು ಕಡಿಮೆ, ಲೆಕ್ಕ ಸರಿ. ಅವರು ಒಂದು ದಿನ ಕರೆದು, ಇನ್ನು ಮುಂದೆ ನಕಲು ಇಂಟರ್ನೆಟ್ಟಿನ ಮೂಲಕ ದೂರದ ಯಾವುದೋ ಊರಿನ ದೊಡ್ಡ ಸರ್ವರ್‌ಗೆ ಪ್ರತಿದಿನ ತಾನಾಗಿ ಹೋಗುತ್ತದೆ ಎಂದರು. ಕೆಲವು ತಿಂಗಳು ಎರಡೂ ನಡೆಯಲಿ. ಅಲ್ಲಿಂದ ವಾಪಸು ತರಿಸಿ ಪರೀಕ್ಷಿಸಿ ನೋಡಿ. ಸರಿಯಿದ್ದರೆ ಯಲಬುರ್ಗಾ ಓಡಾಟ ನಿಲ್ಲಿಸೋಣ. ತೀರ್ಮಾನ ನಿಮ್ಮದೇ.

ನನ್ನದೇ! ಆ ತಿಂಗಳುಗಳಲ್ಲಿ ನಾನು ತಪ್ಪು ಹುಡುಕಿದಷ್ಟು ಯಾವ ಅತ್ತೆಯೂ ಸೊಸೆಯ ಅಡುಗೆಯಲ್ಲಿ ಹುಡುಕಿರಲಾರಳು. ಒಂದು ಫೈಲು ಕಡಿಮೆ ಬರಲಿ ಎಂದು ಕಾದೆ. ಮಳೆಗೆ ಲೈನು ಹೋದಾಗ ಒಳಗೊಳಗೇ ಹಿಗ್ಗಿದೆ. ಲೈನು ಬಂದ ಕೂಡಲೇ ಅದು ಬಿಟ್ಟಲ್ಲಿಂದ ಮುಂದುವರಿಯಿತು. ವಾರದ ಹಳೆಯ ನಕಲಿನ ಬದಲು ನಿನ್ನೆಯ ನಕಲು ಸಿಗುತ್ತಿತ್ತು. ವರದಿಯಲ್ಲಿ ಒಂದು ಸುಳ್ಳು ಬರೆದರೆ ಗುರುವಾರಗಳು ನನಗೆ ಉಳಿಯುತ್ತಿದ್ದವು. ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಪಡಸಾಲೆಯಲ್ಲಿ ಬನ್ನಿ ಎಲೆ ಕೊಟ್ಟ ಆ ತಾಯಿ ಕಣ್ಣ ಮುಂದೆ ಬಂದಳು. ಹೊಸ ವಿಧಾನವೇ ಉತ್ತಮವೆಂದು ಬರೆದು ಸಹಿ ಹಾಕಿದೆ.

ಕೊನೆಯ ಗುರುವಾರ ಶರಣಮ್ಮಕ್ಕ ಹೋಳಿಗೆ ಮಾಡಿದ್ದರು. ಡಿಸ್ಕು ಓದಿ ಮುಗಿದಿತ್ತು. ಇನ್ನೊಮ್ಮೆ ಓದಿಸು ಎಂದು ಅವರು ಹೇಳಲಿಲ್ಲ.

“ಬರ್ತಿರು ಮತ್ತ. ಕೆಲಸಾ ಇದ್ರ ಮಾತ್ರ ಬರಬೇಕಂತ ಐತೇನು?”

“ಬರ್ತೀನ್ರಿ ಅಕ್ಕಾರ” ಎಂದೆ. ಹೋಗಲಿಲ್ಲ. ಏನು ಹೇಳಿ ಹೋಗುವುದು?

ಆಮೇಲೆ ಒಮ್ಮೆ ಕುಷ್ಟಗಿ ಶಾಖೆಗೆ ಫೈಲುಗಳಿಗೆ ಬೀಗ ಜಡಿಯುವ ವೈರಸ್ಸು ನುಗ್ಗಿತು. ಅಲ್ಲಿಯವರು ಕಾಟ ಕೊಡುತ್ತದೆಂದು ಅಪ್‌ಡೇಟನ್ನೇ ಬಂದ್ ಮಾಡಿಟ್ಟಿದ್ದರು. ಕಿಟಕಿಗೆ ಚಿಲಕ ಹಾಕಲು ಬೇಸರಪಟ್ಟು ಮಲಗಿದಂತೆ. ಮ್ಯಾನೇಜರ್ ಗಾಬರಿಯಾದರು. ನಾನು ದೂರದ ನಕಲನ್ನು ತರಿಸಿದೆ. ಸಂಜೆಯೊಳಗೆ ಎಲ್ಲ ಮರಳಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು, ಆದರೆ ಹಳೆಯದೇ ಚೆನ್ನಾಗಿತ್ತು ಎನ್ನಲು ನನಗೆ ಒಂದು ನೆಪವೂ ಉಳಿಯಲಿಲ್ಲ. ಹೊಸಬರೇ, ಅಪ್‌ಡೇಟನ್ನು ಮುಂದೂಡಬೇಡಿ, ಒಂದು ನಕಲನ್ನು ಯಾವ ತಂತಿಗೂ ಸಿಕ್ಕಿಸದೆ ಬೇರೆ ಇಡಿ. ಹಳೆಯ ಕಾಲದವರು ಹೇಳುತ್ತಾರೆಂದು ಟೇಪಿನ ಕಡೆ ತಿರುಗಬೇಡಿ. ನನ್ನ ಹಂಬಲ ಟೇಪಿನದಲ್ಲ.

ಶರಣಮ್ಮಕ್ಕ ನನಗಿಂತ ಮೊದಲೇ ನಿವೃತ್ತರಾದರು. ಫೋನಿನಲ್ಲಿ ಮಾತಾಡುತ್ತಿದ್ದೆವು. ಫೋನಿನಲ್ಲಿ ಬೀಪಿ, ಶುಗರು, ಮೊಮ್ಮಕ್ಕಳ ಶಾಲೆ ಇಷ್ಟೇ ಬರುತ್ತದೆ. ಸುಮ್ಮನೆ ಕೂರಲು ಫೋನಿನಲ್ಲಿ ಆಗುವುದಿಲ್ಲ. ಸುಮ್ಮನಾದರೆ ಹಲೋ ಹಲೋ ಎನ್ನುತ್ತಾರೆ. ನನಗೆ ಬೇಕಾದದ್ದು ಆ ಸುಮ್ಮನೆ ಕೂರುವುದೇ ಆಗಿತ್ತು.

ನಾನೂ ನಿವೃತ್ತಳಾದೆ. ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಆಯಿತು. ಮೊನ್ನೆ ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ಸೀರೆ ಉಟ್ಟು, ಕೈಚೀಲ ಹಿಡಿದು ಹೊರಗೆ ಬಂದೆ. ಅತ್ತೆ ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತಿದ್ದರು. ಈಗ ಅವರಿಗೆ ಎಂಬತ್ತು ದಾಟಿದೆ, ಆದರೂ ಅವರು ತಲೆಯೆತ್ತಿದರೆ ನನ್ನ ಕಾಲು ನಿಲ್ಲುತ್ತದೆ.

“ಎಲ್ಲಿಗೆ ಹೊಂಟೀ?”

“ಯಲಬುರ್ಗಾಕ್ಕ್ರಿ.”

“ಮತ್ತ ಕೆಲಸಕ್ಕ ಕರದಾರೇನು?”

ಹೌದು ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. “ಇಲ್ರಿ. ಕೆಲಸ ಏನೂ ಇಲ್ಲ. ಶರಣಮ್ಮಕ್ಕಾರನ್ನ ನೋಡಬೇಕನಿಸೇತಿ.”

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಕೈಚೀಲ ನೋಡಿದರು.

“ಇಷ್ಟ ಚೀಲದಾಗ ಎರಡು ಸೀರಿ ಹೆಂಗ ಹಿಡಿತಾವ?”

“ಸೀರಿ ಯಾಕ್ರಿ? ಸಂಜೀಕ ಬರ್ತೀನಲ್ರಿ.”

“ಕೆಲಸಕ್ಕ ಹೋದಾಕಿ ಸಂಜೀಕ ಬರಬೇಕು. ಗೆಳತಿ ಮನಿಗೆ ಹೋದಾಕಿ ಯಾಕ ಬರ್ತೀ? ಎರಡು ದಿನ ಇದ್ದು ಬಾ.”

ನಾನು ಒಳಗೆ ಹೋಗಿ ಪೆಟ್ಟಿಗೆ ತೆರೆದೆ. ಸೀರೆ ಕೈಗೆ ಬಂತು, ಮಡಚಲು ಆಗಲಿಲ್ಲ. ಅದನ್ನೇ ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟೆ. ಇಷ್ಟು ವರ್ಷ ಯಾರೂ ನನ್ನನ್ನು ತಡೆದಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ. ಹೊರಗಿನಿಂದ ಅತ್ತೆ, ಬಸ್ಸು ತಪ್ಪುತ್ತದೆ ಲಗೂನ ಬಾ ಎಂದು ಕೂಗುತ್ತಿದ್ದರು.